ನಿಮ್ಮ ತೀರ್ಪು ನಂಬಿ ಮಗಳನ್ನು ಕೊಟ್ಟೆ

ಮೇಲ್ಮನವಿಗಳ ವಿಚಾರಣೆಗೆ ದಿನ ಗೊತ್ತುಮಾಡುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿಯ ನೋಟಿಸು ತಲುಪಿತು, ಒಂಬತ್ತು ವರ್ಷ ತಡವಾಗಿ. ಶಶಿಕಾಂತ ಎಂಬುವವನನ್ನು ೧೯೯೪ರಲ್ಲಿ ಸೆಷನ್ಸ್ ನ್ಯಾಯಾಲಯ ಕೊಲೆ ಆರೋಪದಿಂದ ಬಿಡುಗಡೆ ಮಾಡಿತ್ತು. ಆ ಬಿಡುಗಡೆ ತಪ್ಪೆಂದು ಸರ್ಕಾರ ಆಗಲೇ ಹೈಕೋರ್ಟಿಗೆ ಮೇಲ್ಮನವಿ ಹಾಕಿತ್ತಂತೆ! ನಮಗೆ ಗೊತ್ತಾದದ್ದು ಈ ವರ್ಷ, ೨೦೦೩ರಲ್ಲಿ. ಅಷ್ಟರಲ್ಲಿ ಅವನು ನನ್ನ ಅಳಿಯನಾಗಿ, ಇಬ್ಬರು ಮಕ್ಕಳ ತಂದೆಯೂ ಆಗಿದ್ದಾನೆ.

ವರವು ಕಾವಲೆಂಬ ಹುಲ್ಲುಗಾವಲಿನ ಅಂಚಿನಲ್ಲಿ, ಹೊಲಕ್ಕೆ ಕುರಿ ನುಗ್ಗಿದ ಜಗಳದಲ್ಲಿ ಪಾಲಣ್ಣನೆಂಬ ಹುಡುಗ ತಲೆಗೆ ಏಟು ಬಿದ್ದು ಸತ್ತಿದ್ದ. ಆ ಏಟು ಶಶಿಕಾಂತನದೆಂಬುದು ಆರೋಪ. ಅಂಥ ಕೇಸಿನವನಿಗೆ ಹೆಣ್ಣು ಕೊಡುತ್ತೇನೆಂದಾಗ ನನ್ನ ಅಣ್ಣ ಶಾಂತವೀರಪ್ಪ, "ಲೇ, ಇರುಳು ಕಂಡ ಬಾವೀಗೆ ಹಗಲೇ ಬೀಳ್ತೀಯೇನಲೇ?" ಎಂದು ಬೈದ. ನಾನೇನು ದಡ್ಡನೇ? ತೀರ್ಪಿನ ನಕಲು ತನ್ನಿ ಎಂದೆ. ಬೀಗರು ವೀಳ್ಯಶಾಸ್ತ್ರದ ದಿನ ತಟ್ಟೆಯಲ್ಲಿ ಎಲೆ, ಅಡಿಕೆ, ಕೊಬ್ಬರಿ ಬಟ್ಟಲಿನ ಜೊತೆ ಅದನ್ನೂ ಇಟ್ಟು ತಂದರು. ಊರಿನ ಮೇಷ್ಟ್ರು ಎಲ್ಲರ ಮುಂದೆ ಓದಿದರು. ದುಂಡು ಮೊಹರು ನೋಡಿ, ಜಾತಕಕ್ಕಿಂತ ಇದೇ ಗಟ್ಟಿ ಎಂದುಕೊಂಡೆ. ಜಾತಕದ ಮೇಲೆ ಸರ್ಕಾರ ಮೇಲ್ಮನವಿ ಹಾಕುವುದಿಲ್ಲವೆಂಬ ಅನುಕೂಲ ಆಗ ಹೊಳೆಯಲಿಲ್ಲ.

ಆರೋಪಿ ಪತ್ತೆಯಿಲ್ಲವೆಂದು ನೋಟಿಸು ಮತ್ತೆ ಮತ್ತೆ ವಾಪಸಾಯಿತಂತೆ. ಆಹಾ! ಮೊಳಕಾಲ್ಮೂರಿನ ಪೇಟೆಯಲ್ಲಿ ಅವನ ಸೀರೆ ಅಂಗಡಿ, ಬಾಗಿಲ ಮೇಲೆ ಆಳೆತ್ತರದ ಬೋರ್ಡಿನಲ್ಲಿ ಅವನದೇ ಹೆಸರು, ಪಕ್ಕದ ಹೋಟೆಲಿನಲ್ಲಿ ದಿನವೂ ಪೊಲೀಸರ ಟೀ. ಮದುವೆ ಸೀರೆಗೆಂದು ಆಂಧ್ರದಿಂದ ಬಂದವರಿಗೆ ಸಿಗುವ ಮನುಷ್ಯ ಸರ್ಕಾರದ ಕಣ್ಣಿಗೆ ಮಾತ್ರ ಬೀಳಲಿಲ್ಲ.

ಮೇಲ್ಮನವಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಕೆಳಗಿನವರು ಎಡವಿದರೆ ಮೇಲಿನವರು ತಿದ್ದಲೇಬೇಕು. ಸತ್ತವನೂ ಒಬ್ಬ ತಾಯಿಯ ಮಗ. ಸಾಕ್ಷ್ಯದಲ್ಲಿ ಎರಡು ಅಭಿಪ್ರಾಯಕ್ಕೆ ಎಡೆಯಿದ್ದರೆ ಬಿಡುಗಡೆಯೇ ಉಳಿಯುತ್ತದೆಂದು ವಕೀಲರು ಧೈರ್ಯ ಹೇಳುತ್ತಾರೆ. ಇರಬಹುದು. ಆದರೆ ಅಂದು ನ್ಯಾಯಾಲಯ ಕೊಟ್ಟದ್ದು ಸಂಶಯದ ಲಾಭ. ಲಾಭ ಅಳಿಯನಿಗೆ ಹೋಯಿತು, ಸಂಶಯ ಈಗ ನನ್ನ ಮನೆಗೆ ಬಂದು ಕೂತಿದೆ. ಅವನು ಮಗನನ್ನು ಹೆಗಲಿಗೇರಿಸಿಕೊಂಡರೆ ನಾನು ಅವನ ಕೈಯನ್ನೇ ನೋಡುತ್ತೇನೆ. ಥೂ, ಇದೂ ಒಂದು ಬದುಕೇ? ಕಳೆದ ವಾರ ಮಗಳು ಮಂಗಳಗೌರಿ ಗಂಡನ ಮನೆಯಿಂದ ಫೋನು ಮಾಡಿ ಕೇಳಿದಳು: "ಅಪ್ಪಾ, ಮಕ್ಕಳ್ನ ಕರ್ಕೊಂಡು ಬಂದ್ಬಿಡ್ಲಾ, ಇಲ್ಲೇ ಇರ್ಲಾ? ಅವ್ರು ನಾ ಮಾಡಿಲ್ಲ ಅಂತಾರೆ. ನಂಬ್ತೀನಿ. ಆದ್ರೂ ಎದೆ ಹೊಡ್ಕೋತೈತೆ." ನಿಮ್ಮ ಕಾಯಿದೆ ಪುಸ್ತಕದಲ್ಲಿ ಇದಕ್ಕೆ ಯಾವ ಕಲಮು ಇದೆ, ಸ್ವಾಮಿ?

ಪಾಲಣ್ಣನ ತಾಯಿ ಕ್ಯಾತಮ್ಮ ತಳಕಿನ ಬಸ್ ನಿಲ್ದಾಣದಲ್ಲಿ ಎದುರಾದಳು. ನಾನು ಮುಖ ತಪ್ಪಿಸಿದೆ. ಅವಳೇ ಹತ್ತಿರ ಬಂದಳು.

"ಸಾವ್ಕಾರ್ರೇ, ನಿಮ್ಮಳಿಯನೇ ಹೊಡೆದಿದ್ರೆ ಅವತ್ತೇ ಒಳಗಾಕ್ಬೇಕಿತ್ತು. ಈಗ ಆ ಕೂಸುಗಳ ಮಕ ನೋಡಿದ್ರೆ ನಂಗೆ ಶಾಪ ಹಾಕಾಕೂ ಬಾಯಿ ಬರಲ್ಲ. ಅವನಲ್ಲ ಅಂದ್ರೆ, ನನ್ ಮಗನ್ನ ಹೊಡೆದೋನು ಯಾರು ಅಂತ ಹುಡುಕ್ಬೇಕಾ ಬ್ಯಾಡ್ವಾ?"

ನೋಟಿಸು ಬಂದ ಮೇಲೂ ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇದೆ. ಒಮ್ಮೆ ಕಡತ ಸಿಗಲಿಲ್ಲ, ಇನ್ನೊಮ್ಮೆ ಸರ್ಕಾರಿ ವಕೀಲರೇ ಬದಲಾದರು. ನನ್ನ ಒತ್ತಾಯ ಇಷ್ಟೇ: ಒಂದು ದಿನ ಗೊತ್ತುಮಾಡಿ, ಅದನ್ನು ಮುಂದೂಡಬೇಡಿ. ತಪ್ಪಿತಸ್ಥನಾದರೆ ಅವನನ್ನು ಕರೆದೊಯ್ಯಿರಿ, ಅಡ್ಡ ಬರುವುದಿಲ್ಲ. ಮಗಳನ್ನೂ ಮಕ್ಕಳನ್ನೂ ನಾನು ಸಾಕುತ್ತೇನೆ. ಅಲ್ಲವಾದರೆ ಅದನ್ನು ಕ್ಯಾತಮ್ಮನ ಮುಖ ನೋಡಿ ಹೇಳಿ. ಆ ದಿನ ಅವಳನ್ನು ನಾನೇ ಕರೆತರುತ್ತೇನೆ. ನಾವಿಬ್ಬರೂ ಅರವತ್ತು ದಾಟಿದವರು. ನಿಮಗೆ ಕೊಡಲು ಇನ್ನೊಂದು ಒಂಬತ್ತು ವರ್ಷ ನಮ್ಮ ಹತ್ತಿರ ಇಲ್ಲ.

ಇಂತಿ,
ಕೊಲೆಗಾರನ ಮಾವನೋ ನಿರಪರಾಧಿಯ ಮಾವನೋ ನೀವು ಹೇಳುವವರೆಗೆ ತಿಳಿಯದ
ಸೋಮಶೇಖರಪ್ಪ, ತಳಕು