ಹಾಳಾದ ಹನ್ನೊಂದು ಡಬ್ಬಿ

ಮನೆಯಿಂದ,
ಹನ್ನೆರಡನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಬಸ್ಸಿನಲ್ಲಿ ಕುಳಿತು ಊರೂರು ಸುತ್ತುವವನು ಸಂಜೆಗಾದರೂ ನಾಲ್ಕು ಹೆಜ್ಜೆ ನಡಿ. ನಾನು ಚೆನ್ನಾಗಿದ್ದೇನೆ. ಅಮ್ಮ ಹಾಗೇ ಇದ್ದಾಳೆ. ಮೂವತ್ತು ವರ್ಷ ಹೊಲಿಗೆ ಕಲಿಸಿದವಳು ಮೊನ್ನೆ ಸೂಜಿ ಹಿಡಿದುಕೊಂಡು, "ಇದ್ರಲ್ಲಿ ದಾರ ಎಲ್ಲಿ ಹಾಕೋದೇ?" ಎಂದು ನನ್ನನ್ನು ಕೇಳಿದಳು. ಕೇಳಿದ ಮೇಲೆ ಅವಳಿಗೇ ನಾಚಿಕೆಯಾಗಿ, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದುಹೋದಳು.

ಇನ್ನು ನನ್ನ ಕೆಲಸದ ವಿಷಯ. ಊಟ ಮಾಡುತ್ತಾ ಓದಬೇಡ. ನೀನು ಮಾರುವ ಆ ನೆನಪಿನ ಪುಡಿಯನ್ನು ಆರು ತಿಂಗಳು ಕುಡಿದ ಅರವತ್ತು ಜನ ಹಿರಿಯರ ಮಲ ನಮ್ಮ ಪ್ರಯೋಗಾಲಯದ ಫ್ರೀಜರಿನಲ್ಲಿದೆ. ಅದನ್ನು ಕರಗಿಸಿ, ಚಮಚದಲ್ಲಿ ತೆಗೆದು, ತೂಗಿ, ಗಾಜಿನ ಕೊಳವೆಗೆ ತುಂಬುವುದು ನಿನ್ನ ತಂಗಿಯ ಪುಣ್ಯ. ಎರಡು ಮಾಸ್ಕ್ ಹಾಕಿದರೂ ವಾಸನೆ ಗಂಟಲಿಗಿಳಿಯುತ್ತದೆ. ಒಬ್ಬರು ಪುಣ್ಯಾತ್ಮರು ಬಿಸ್ಕತ್ತಿನ ಡಬ್ಬದಲ್ಲಿ ತಂದುಕೊಟ್ಟಿದ್ದರು. ಅಂದಿನಿಂದ ನಾನು ಬಿಸ್ಕತ್ತು ಮುಟ್ಟಿಲ್ಲ. ಆದರೂ ಆ ಹೇಸಿಗೆ ಸಾಬೂನಿಗೆ ಹೋಗುತ್ತಿತ್ತು. ಈಗಿನದು ಹೋಗುತ್ತಿಲ್ಲ.

ವಿಷಯ ಇಷ್ಟು. ಪುಡಿಯಲ್ಲಿರುವ ದಾಳಿಂಬೆ ಸಿಪ್ಪೆಯ ಸಾರ ಹಾಗೇ ಮಿದುಳಿಗೆ ಹೋಗುವುದಿಲ್ಲ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಚೂರು ಮಾಡಬೇಕು. ಆ ಚೂರು ರಕ್ತಕ್ಕೆ ಸೇರಿದರೆ ಮಿದುಳಿಗೆ ಏನಾದರೂ ಉಪಕಾರವಾದೀತು. ಎಲ್ಲರ ಹೊಟ್ಟೆಯಲ್ಲೂ ಆ ಬ್ಯಾಕ್ಟೀರಿಯಾ ಇರುವುದಿಲ್ಲ. ನಮ್ಮ ಅರವತ್ತು ಜನರಲ್ಲಿ ಹನ್ನೊಂದು ಜನರಿಗೆ ಇರಲಿಲ್ಲ. ಆ ಹನ್ನೊಂದು ಜನರಿಗೂ ನೆನಪು ಒಂದು ಕೂದಲೆಳೆಯಷ್ಟೂ ಸುಧಾರಿಸಿರಲಿಲ್ಲ. ನನಗಂತೂ ಖುಷಿಯಾಯಿತು, ಅಣ್ಣಾ. ಯಾರಿಗೆ ಉಪಯೋಗ, ಯಾರಿಗಿಲ್ಲ ಎಂದು ಮೊದಲೇ ಹೇಳಬಹುದಲ್ಲ ಎಂದು ಪಟ್ಟಿ ಹಿಡಿದು ನಮ್ಮ ಮುಖ್ಯಸ್ಥರ ಕೋಣೆಗೆ ಓಡಿದೆ.

ಅವರು ಪಟ್ಟಿ ನೋಡಿದರು. ಎದುರಿಗೆ ಈ ಪ್ರಯೋಗಕ್ಕೆ ದುಡ್ಡು ಕೊಡುವ ನಿಮ್ಮ ಕಂಪನಿಯ ಮ್ಯಾನೇಜರ್ ಕುಳಿತು ಕೇಕ್ ತಿನ್ನುತ್ತಿದ್ದ. "ಈ ಹನ್ನೊಂದು ಸ್ಯಾಂಪಲ್ ಹಾಳಾಗಿದೆ ಅಂತ ಬರ್ದುಬಿಡಮ್ಮ. ಫ್ರೀಜರ್ ಕೆಟ್ಟಿತ್ತು ಅನ್ನು" ಎಂದರು. ಆ ಹನ್ನೊಂದು ಲೆಕ್ಕದಿಂದ ಹೋದರೆ ಪುಡಿ ಎಲ್ಲರಿಗೂ ಹಿಡಿಯಿತು ಎಂದು ಮಾರಬಹುದಲ್ಲ. ಕೆಟ್ಟಿರಲಿಲ್ಲ ಸಾರ್, ಎಂದೆ. ಮ್ಯಾನೇಜರ್ ನಕ್ಕ. "ಕೆಡದೇ ಇರೋ ಫ್ರೀಜರ್ ಎಲ್ಲಾದ್ರೂ ಇದೆಯೇನಮ್ಮಾ?" ಎಂದು ಬೆರಳಿನ ಕ್ರೀಮ್ ನೆಕ್ಕಿದ. ಆರು ತಿಂಗಳು ಮಲ ತೂಗಿದ ನನಗೆ ನಿಜವಾದ ಹೇಸಿಗೆ ಕಂಡಿದ್ದು ಆಗ.

ಆಮೇಲೆ ನಾನು ಮಾಡಿದ್ದನ್ನು ಕೇಳು. ಬಂದು ಕುಳಿತು ಬರೆದೆ. ಹಾಳು, ಹಾಳು, ಹಾಳು, ಹನ್ನೊಂದು ಸಲ. ಕೆಳಗೆ ಚೆಂದವಾಗಿ ಸಹಿ ಹಾಕಿದೆ. ಒಂಬತ್ತನೆಯದು ಮೂವತ್ತನಾಲ್ಕನೇ ನಂಬರಿನ ಡಬ್ಬಿ. ಅದು ಅಮ್ಮನದು, ನಾನೇ ಚೀಲದಲ್ಲಿಟ್ಟು ಒಯ್ದದ್ದು. ಪೆನ್ನು ಅಲ್ಲೂ ನಿಲ್ಲಲಿಲ್ಲ.

ಮನೆಗೆ ಬಂದರೆ ಅಮ್ಮ ಲೋಟದಲ್ಲಿ ಪುಡಿ ಕದಡಿ, ಮುಖ ಕಿವುಚಿ, ಒಂದು ಹನಿಯೂ ಬಿಡದೆ ಕುಡಿಯುತ್ತಿದ್ದಳು. "ನಿಮ್ಮಣ್ಣ ನಂಬಿಕೆ ಇಟ್ಟು ಕಳಿಸ್ತಾನೆ, ಚೆಲ್ಲಬಾರದು" ಎಂದಳು. ನಾನು ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಅವರ ಮೇಲಿನ ಅಸಹ್ಯ ಅರ್ಧ, ನನ್ನ ಮೇಲಿನದು ಅರ್ಧ. ನಿನ್ನ ಪಾಲೂ ಸ್ವಲ್ಪ ಇತ್ತು, ಸುಳ್ಳು ಹೇಳುವುದಿಲ್ಲ. ಕಂಪನಿಯವರು ಹೇಳಿದ್ದನ್ನೇ ನೀನು ಹೇಳಿದೆ, ನಿನಗೆ ಗೊತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಈ ಕಾಗದ ಓದಿದ ಮೇಲೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು. ಮಗುವಿನ ಎರಡೂ ಕೆನ್ನೆಗೆ ಒಂದೊಂದು ಮುತ್ತು. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ.

ಇಂತು ನಿನ್ನ ತಂಗಿ,
ಸೊಟ್ಟಮೂತಿ

ಮರೆತಿದ್ದೆ: ಇವತ್ತು ಬೆಳಿಗ್ಗೆ, ಇಂಥ ಪ್ರಯೋಗಗಳ ಸರಿತಪ್ಪು ನೋಡುವ ಪರಿಶೀಲನಾ ಸಮಿತಿಯ ಕಚೇರಿಗೆ ಹೋಗಿ ನಿಜವಾದ ಪಟ್ಟಿ ಕೊಟ್ಟುಬಂದೆ. ಸುಳ್ಳು ಬರೆದವಳು ನಾನೇ ಎಂದೂ ಬರೆದುಕೊಟ್ಟೆ. ನನ್ನ ಕೆಲಸ ಹೋಗುತ್ತದೆ, ನಿನ್ನದೂ ಹೋಗಬಹುದು. ಮೊದಲು ನಿನ್ನನ್ನು ಕೇಳಬೇಕಿತ್ತು. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನು ನಿನ್ನ ಮಾತು ಕೇಳಿಬಿಡುತ್ತಿದ್ದೆ.