ಬೆನ್ನ ಹಿಂದೆ ಕೈ ಕಟ್ಟಿಕೊಂಡ ಭೂತ

ಮಾರ್ಚ್ ೩, ಸೋಮವಾರ

ಮತ್ತೆ ಅದೇ ಸೀನ್. ಬೆಳಿಗ್ಗೆಯಿಂದ ಎಡಿಟಿಂಗ್ ರೂಮಿನಲ್ಲಿ ಕೂತು ಕತ್ತರಿಸುತ್ತಿದ್ದೇನೆ. ಅಂತರಿಕ್ಷ ನೌಕೆ. ಕತ್ತಲ ಕಾರಿಡಾರ್. ಕೆಂಪು ದೀಪ. ನೋಡಿದರೆ ಮೈ ಜುಮ್ಮೆನ್ನಬೇಕು. ಅಷ್ಟರಲ್ಲಿ ಭೂತ ಬರುತ್ತದೆ — ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಸಂಜೆ ವಾಕಿಂಗ್ ಹೊರಟವರ ಹಾಗೆ. ಕರ್ಮ!

ರಬ್ಬರ್ ಸೂಟಿನೊಳಗೆ ಇರುವುದು ನಮ್ಮಪ್ಪ. ನಿರ್ದೇಶಕ ನನ್ನ ತಮ್ಮ. ಸೂಟು ಬೇರೆ ಯಾರಿಗೂ ಆಗಲಿಲ್ಲ, ಅಪ್ಪನಿಗೆ ಸರಿಯಾಗಿ ಕೂತಿತು. ಅಷ್ಟೇ ಅರ್ಹತೆ.

"ಅಕ್ಕಾ, ಹೆದರಿಕೆ ಆಗುತ್ತೆ ತಾನೇ?"

"ಆಗುತ್ತಪ್ಪಾ. ನಿನ್ನ ಭವಿಷ್ಯ ನೆನೆಸಿಕೊಂಡ್ರೆ."

ಮಾರ್ಚ್ ೪

ಅಪ್ಪನ ಫೋನ್. ಬೆಳಿಗ್ಗೆಯಿಂದ ಮೂರನೇ ಸಲ. ಚಿಕ್ಕಪ್ಪ, ಅತ್ತೆ, ಹಳೇ ಆಫೀಸಿನವರು... ಊರಿಗೆಲ್ಲ ಡಂಗುರ ಸಾರಿಯಾಗಿದೆ.

"ಮುಖ ಕಾಣಲ್ಲ, ಆದ್ರೂ ನಡಿಗೇಲೇ ಗೊತ್ತಾಗಬೇಕು ಕಣಮ್ಮಾ, ಇದು ನಾನೇ ಅಂತ."

ಗೊತ್ತಾಗುತ್ತದೆ ಅಪ್ಪಾ. ಅದೇ ತಲೆನೋವು. ಕಾಲೇಜಿನಲ್ಲಿ ನಾಟಕದ ಹುಚ್ಚಿತ್ತಂತೆ. ಆಮೇಲೆ ನೌಕರಿ, ಮದುವೆ, ನಾವಿಬ್ಬರು. ಈಗ ಈ ವಯಸ್ಸಿನಲ್ಲಿ ಮೊದಲ ಪಾತ್ರ. ಪಾಪ ಅನಿಸುತ್ತದೆ, ಸಿಟ್ಟೂ ಬರುತ್ತದೆ.

ಮಾರ್ಚ್ ೯, ಭಾನುವಾರ

ಟೆಸ್ಟ್ ಶೋ. ಭೂತ ಬಂದದ್ದೇ ತಡ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ ಕೂಗಿದ: "ಅಜ್ಜಾ, ಸ್ವೆಟರ್ ಮರೆತು ಬಂದ್ರಿ!" ತಮ್ಮ ಎದ್ದು ಹೊರಗೆ ಹೋದ. ಪುಣ್ಯಕ್ಕೆ ಅಪ್ಪನಿಗೆ ನೆಗಡಿ, ಬಂದಿರಲಿಲ್ಲ.

ವಿತರಕರು ಕಡ್ಡಿ ಮುರಿದ ಹಾಗೆ ಹೇಳಿದರು: ಹೀಗೇ ಇದ್ದರೆ ಬಿಡುಗಡೆ ಇಲ್ಲ.

ಮಾರ್ಚ್ ೧೫

ಭೂತವನ್ನು ತೆಗೆದುಬಿಟ್ಟೆ. ಪೂರ್ತಿ. ಒಂದು ಫ್ರೇಮೂ ಉಳಿಸಿಲ್ಲ. ಖಾಲಿ ಕಾರಿಡಾರ್, ಮುಚ್ಚಿದ ಬಾಗಿಲು, ಅದರ ಹಿಂದಿನಿಂದ ಏದುಸಿರು. ಅಪ್ಪ ಸೂಟಿನೊಳಗೆ ಸುಸ್ತಾಗಿ ಬಿಟ್ಟ ಉಸಿರು, ಮೈಕಿಗೆ ಸಿಕ್ಕಿತ್ತು. ಹಾಕಿ ನೋಡಿ ನನಗೇ ಎದೆ ಝಲ್ಲೆಂದಿತು. ಹಾಳಾದ್ದು, ಚೆನ್ನಾಗಿದೆ!

"ಅಪ್ಪಂಗೆ ನೀನೇ ಹೇಳಕ್ಕಾ," ಅಂದ ತಮ್ಮ. ಇವನು ಅಂಟಿಸಿಕೊಂಡ ಭೂತ, ಬಿಡಿಸುವುದು ಮಾತ್ರ ನಾನು.

ಮಾರ್ಚ್ ೧೬, ಮಧ್ಯಾಹ್ನ

ಅಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ. ವಿಷಯ ಹೇಳುವ ಬದಲು ಲೈಟ್ ಆರಿಸಿ ಸಿನಿಮಾ ಹಾಕಿದೆ. ಕಾರಿಡಾರ್. ಬಾಗಿಲು. ಉಸಿರು. ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಬಾಗಿಲ ಹಿಂದೆ ಯಾರಮ್ಮಾ ಇರೋದು?"

"ನೀವೇ ಅಪ್ಪಾ."

"ನಾನು ಯಾವಾಗ ಬರ್ತೀನಿ" ಅಂತ ಅಪ್ಪ ಕೇಳಲಿಲ್ಲ. ಕೈಯನ್ನೂ ಬಿಡಲಿಲ್ಲ. ಸಿನಿಮಾ ಮುಗಿಯಿತು. ಲೈಟ್ ಹಾಕಲು ಎದ್ದೆ.

"ಬೇಡ. ಸ್ವಲ್ಪ ಇರು," ಅಂದರು.

ಪರದೆ ಕಪ್ಪಾಗಿತ್ತು. ಸ್ಪೀಕರ್ ಆಫ್ ಮಾಡಿದ್ದೆ. ಆದರೂ ಆ ಉಸಿರು — ನನ್ನ ಪಕ್ಕದಲ್ಲೇ.