ಕೇಳದೆ ಹಾಕಿದ ಫ್ಲಾಪಿ

ರಾಬರ್ಟ್‌ಸನ್‌ಪೇಟೆ
೧೨-೪-೧೯೯೭

ಅಪ್ಪನಿಗೆ ಅನಸೂಯಳ ನಮಸ್ಕಾರ.

ನೀವು ಗೊತ್ತು ಮಾಡಿರುವ ಗಂಡು ಕೋದಂಡಪ್ಪನವರು ಕಳೆದ ವಾರ ನನ್ನ ಟೈಪಿಂಗ್ ಅಂಗಡಿಗೆ ಬಂದಿದ್ದರು. ನಾನು ಕಾಫಿ ತರಲು ಹೋದಾಗ, ಒಂದು ಮಾತೂ ಕೇಳದೆ ಕಂಪ್ಯೂಟರಿಗೆ ಯಾವುದೋ ಆಟದ ಫ್ಲಾಪಿ ಹಾಕಿದ್ದಾರೆ. ಅದರಲ್ಲಿ ವೈರಸ್ ಇತ್ತು. ಮರುದಿನ ನೋಡಿದರೆ ನಾನು ಟೈಪ್ ಮಾಡಿಟ್ಟಿದ್ದ ಲಗ್ನಪತ್ರಿಕೆಗಳೆಲ್ಲ ಮಾಯ! ಮಗಳ ಮುಹೂರ್ತ ಹತ್ತಿರವಿದ್ದ ಪಾಪಕ್ಕ ಅಂಗಡಿಯಲ್ಲೇ ಕೂತು ಅತ್ತಳು.

ಬಂಗಾರಪೇಟೆಯ ಕಂಪ್ಯೂಟರ್ ಮೇಷ್ಟ್ರ ಹತ್ತಿರ ಹೋಗಿ ವೈರಸ್ ತೆಗೆಯುವುದನ್ನು ಕಲಿತು ಬಂದೆ. ನಾನೇ ತೆಗೆದೆ. ಪತ್ರಿಕೆಗಳನ್ನೆಲ್ಲ ಮತ್ತೆ ಟೈಪ್ ಮಾಡಿ ಬೆರಳು ಊದಿವೆ. ಇನ್ನು ಪರೀಕ್ಷೆ ಮಾಡದೆ ಯಾರ ಫ್ಲಾಪಿಯನ್ನೂ ಮುಟ್ಟುವುದಿಲ್ಲ.

ನಿನ್ನೆ ಅವರು ಇನ್ನೊಂದು ಫ್ಲಾಪಿ ಹಿಡಿದು ಬಂದರು. "ನನ್ನ ಕೇಳ್ದೆ ಆಕ್ಬೇಡಿ" ಅಂದೆ. ನಕ್ಕುಬಿಟ್ಟರು.

"ಮದ್ವೆ ಆದ್ಮೇಲೆ ಅಂಗ್ಡಿ ನಂದೇ ಅಲ್ವಾ? ನಿನ್ನ ಕೇಳೋದೇನೈತೆ?"

ಅಪ್ಪಾ, ನನಗೆ ಈ ಸಂಬಂಧ ಬೇಡ. ಅವರ ಮನೆಯವರು ಕೊಟ್ಟ ಸೀರೆಯನ್ನು ನಮ್ಮ ಕಾಮಸಮುದ್ರದ ಬಸ್ಸಿನಲ್ಲಿ ನಿಮಗೆ ಕಳಿಸಿದ್ದೇನೆ, ಮಡಿಕೆ ಬಿಚ್ಚಿಲ್ಲ. ದಯವಿಟ್ಟು ನೀವೇ ಕ್ಯಾಸಂಬಳ್ಳಿಯ ಅವರ ಮನೆಗೆ ಹೋಗಿ ವಾಪಸ್ ಕೊಟ್ಟುಬನ್ನಿ. ಅಮ್ಮನಿಗೆ ನಾನೇ ಬಂದು ಹೇಳುತ್ತೇನೆ.

ನಿಮ್ಮ ಮಗಳು,
ಅನಸೂಯ